ರಾತ್ರಿ 2:40ರ ವಿಮಾನ ಈ ಪರಿಸರ ವರದಿಯಲ್ಲಿ ಎಲ್ಲಿದೆ?

ಎರಡನೇ ಮಹಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಿಂದ ವಿಮಾನ ನಿಲ್ದಾಣ ನಾಲ್ಕು ಕಿಲೋಮೀಟರ್. ಈಗ ಅಲ್ಲಿ ಎರಡನೇ ರನ್‌ವೇ ಬರಲಿದೆ. ಅದರ ಕರಡು ಪರಿಸರ ವರದಿ ಹೊರಬಿದ್ದಿದೆ. ಆಕ್ಷೇಪಣೆ ಸಲ್ಲಿಸಲು ಕೆಲವೇ ವಾರ ಉಳಿದಿವೆ. ನಾನು ಲೆಕ್ಕಪತ್ರ ನೋಡಿಕೊಳ್ಳುವ ಕೆಲಸದವಳು, ವಿಜ್ಞಾನ ಓದಿದವಳಲ್ಲ. ಆದರೂ ದಿನಾ ರಾತ್ರಿ ಕೆಲಸ ಮುಗಿಸಿ ಕೂತು ಓದುತ್ತಿದ್ದೇನೆ.

ಶಬ್ದದ ಅಧ್ಯಾಯದಲ್ಲಿ ಒಂದು ನಕ್ಷೆ ಇದೆ. ರನ್‌ವೇ ಸುತ್ತ ಉದ್ದನೆಯ ಮೊಟ್ಟೆಯ ಹಾಗೆ ಗೆರೆಗಳು. ಹೊರಗಿನ ಗೆರೆ ನಮ್ಮ ಬೀದಿಯ ನಡುವೆಯೇ ತಿರುಗಿಬಿಡುತ್ತದೆ. ಬೆರಳಿಟ್ಟು ನೋಡಿದೆ. ಎದುರು ಸಾಲಿನ ಮನೆಗಳು ಗೆರೆಯ ಒಳಗೆ, ನಮ್ಮ ಸಾಲು ಹೊರಗೆ. ಗೆರೆಯ ಹೊರಗಿರುವ ಮನೆಗಳ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಇಲ್ಲ ಅಂತ ಕೆಳಗೆ ಬರೆದಿದ್ದಾರೆ.

ನಿನ್ನೆ ರಾತ್ರಿ ಎದ್ದಿದ್ದೆ. 11:50ಕ್ಕೆ ಒಂದು. 1:15ಕ್ಕೆ ಒಂದು. 2:40ಕ್ಕೆ ಬರುವುದು ಸರಕು ವಿಮಾನ. ಅದು ಬಂದಾಗ ಮೊದಲು ಬೀರುವಿನ ಕನ್ನಡಿ ಸಣ್ಣಗೆ ನಡುಗುತ್ತದೆ, ಆಮೇಲೆ ಸದ್ದು ಕೇಳುತ್ತದೆ. ಮಗಳು ನಿದ್ದೆಯಲ್ಲೇ ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಾಳೆ. ಅವಳಿಗೆ ಎಚ್ಚರ ಆಗಿರುವುದಿಲ್ಲ, ಬೆಳಗ್ಗೆ ಕೇಳಿದರೆ ನೆನಪೂ ಇರುವುದಿಲ್ಲ. ಆ ಕೈಗಳನ್ನು ನೋಡಿದ ಮೇಲೆ ಸುಮ್ನೆ ಕೂರಲು ಆಗುತ್ತಿಲ್ಲ.

ಆ 2:40ರ ವಿಮಾನವನ್ನು ವರದಿಯಲ್ಲಿ ಹುಡುಕಿದೆ. ಸಿಗಲಿಲ್ಲ. ಇಂಥ ವರದಿಗಳನ್ನು ಓದಿ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ. ಏನು ಕೇಳಬೇಕು? ಹೇಗೆ ಕೇಳಬೇಕು?

ಶಬ್ದಮಾಪಕ

ಮೇಡಂ, ಶಬ್ದ ಅಳೆಯುವ ಕೆಲಸದಲ್ಲಿ ಬಹಳ ವರ್ಷ ಇದ್ದೆ. ನಿಮ್ಮ ವಿಮಾನ ವರದಿಯಲ್ಲಿ ಇದೆ. ಆದರೆ ಕರಗಿಹೋಗಿದೆ.

ಆ ಗೆರೆ ಯಾವುದೋ ಒಂದು ರಾತ್ರಿಯ ಶಬ್ದ ಅಲ್ಲ. ವರ್ಷದ ಎಲ್ಲ ದಿನ, ಎಲ್ಲ ಗಂಟೆಗಳ ಸದ್ದನ್ನು ಒಟ್ಟು ಹಾಕಿ ತೆಗೆದ ಸರಾಸರಿ. ಯುರೋಪಿನಲ್ಲಿ ಇದಕ್ಕೆ ಎಲ್‌ಡೆನ್ ಅನ್ನುತ್ತಾರೆ, ಅಮೆರಿಕದಲ್ಲಿ ಡಿಎನ್‌ಎಲ್. ಎರಡರಲ್ಲೂ ರಾತ್ರಿಯ ವಿಮಾನಕ್ಕೆ 10 ಡೆಸಿಬಲ್ ಸೇರಿಸುತ್ತಾರೆ. ಅಂದರೆ ರಾತ್ರಿಯ ಒಂದು ವಿಮಾನ ಹಗಲಿನ ಹತ್ತಕ್ಕೆ ಸಮ. ಎಲ್‌ಡೆನ್‌ನಲ್ಲಿ ಸಂಜೆಗೂ 5 ಡೆಸಿಬಲ್ ಸೇರುತ್ತದೆ. ಹೀಗೆ ಸೇರಿಸಿದರೂ ಕೊನೆಗೆ ಸಿಗುವುದು ಒಂದೇ ಸಂಖ್ಯೆ. ಆ ಸಂಖ್ಯೆ ನೋಡಿ ಎಷ್ಟು ಸಲ ಎಚ್ಚರ ಆಯ್ತು ಅಂತ ಹೇಳಲು ಬರುವುದಿಲ್ಲ.

ಗಾಳಿಯ ಲೆಕ್ಕವೂ ಇದೆ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಹಾಗಾಗಿ ನಿಮ್ಮ ಕಡೆಯ ದಾರಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಜಾಸ್ತಿ ಬಳಕೆಯಲ್ಲಿ ಇರಬಹುದು. ಆ ತಿಂಗಳುಗಳಲ್ಲಿ ನಿಮಗೆ ಪೂರ್ತಿ ಸದ್ದು. ಸರಾಸರಿ ಮಾತ್ರ ಅದನ್ನು ಹನ್ನೆರಡು ತಿಂಗಳಿಗೂ ಹಂಚಿ ತೆಳ್ಳಗೆ ಮಾಡಿಬಿಡುತ್ತದೆ.

ಇನ್ನೊಂದು. ವರದಿಯಲ್ಲಿ ಎಲ್ಲಾದರೂ 'ಹೆಚ್ಚಳ ಕೇವಲ 3 ಡೆಸಿಬಲ್' ಅಂತ ಇದೆಯಾ, ನೋಡಿ. ಡೆಸಿಬಲ್ ಅನ್ನುವುದು ಕೂಡಿ ಕಳೆಯುವ ಮಾಮೂಲಿ ಅಳತೆ ಅಲ್ಲ. ಅದೇ ಥರದ ವಿಮಾನಗಳು, ಅದೇ ಹೊತ್ತಿಗೆ, ಈಗಿನ ಎರಡರಷ್ಟು ಹಾರಿದರೂ ಸರಾಸರಿ ಏರುವುದು 3 ಡೆಸಿಬಲ್ ಅಷ್ಟೇ. ಓದುವವರಿಗೆ ಮೂರು ಅಂದರೆ ಏನೂ ಅಲ್ಲ ಅನಿಸುತ್ತದೆ. ಕಿಟಕಿ ಪಕ್ಕ ಮಲಗುವವರಿಗೆ ಅದು ಎರಡು ಪಟ್ಟು ವಿಮಾನ.

ಎರಡನೇ ಮಹಡಿ

ಸರ್, ಈಗಲೇ ಹುಡುಕಿದೆ. ಇದೆ. 'ಕೇವಲ' ಅನ್ನುವ ಪದದ ಸಮೇತ ಇದೆ. ಇಷ್ಟು ದಿನ ಆ ಪುಟವನ್ನು ಓದಿ ಮುಂದೆ ಹೋಗಿದ್ದೆ.

ಹಾಗಾದರೆ ಸರಾಸರಿ ಬಿಟ್ಟು ಬೇರೆ ಏನು ಕೇಳಲಿ?

ಶಬ್ದಮಾಪಕ

ಎಣಿಕೆ ಕೇಳಿ. 65 ಅಥವಾ 70 ಡೆಸಿಬಲ್ ದಾಟುವ ವಿಮಾನಗಳು ನಮ್ಮ ಬೀದಿಯ ಮೇಲೆ ದಿನಕ್ಕೆ ಎಷ್ಟು, ರಾತ್ರಿಗೆ ಎಷ್ಟು? ಈಗ ಎಷ್ಟು, ರನ್‌ವೇ ಬಂದ ಮೇಲೆ ಎಷ್ಟು? ಇದಕ್ಕೆ ಎನ್65, ಎನ್70 ಅನ್ನುವ ನಕ್ಷೆಗಳು ಇವೆ. ಸರಾಸರಿ ನಕ್ಷೆ ಮಾಡುವ ತಂತ್ರಾಂಶವೇ ಇವನ್ನೂ ಕೊಡುತ್ತದೆ. ಕಷ್ಟದ ಕೆಲಸ ಅಲ್ಲ, ಕೇಳಬೇಕು ಅಷ್ಟೇ.

ಈ ಎಣಿಕೆಯ ನಕ್ಷೆಗಳ ಹಿಂದೆ ಒಂದು ಕಥೆ ಇದೆ. ನಿಮ್ಮ ಕಥೆಯೇ ಅದು. ಸಿಡ್ನಿಯ ಮೂರನೇ ರನ್‌ವೇ 1994ರ ನವೆಂಬರ್‌ನಲ್ಲಿ ತೆರೆಯಿತು. ಪರಿಸರ ವರದಿಯಲ್ಲಿ ಸರಾಸರಿಯ ಗೆರೆಗಳನ್ನೇ ತೋರಿಸಿದ್ದರು. ಗೆರೆಯ ಹೊರಗಿದ್ದವರು ತಮಗೆ ತೊಂದರೆ ಇಲ್ಲ ಅಂದುಕೊಂಡರು. ರನ್‌ವೇ ತೆರೆದದ್ದೇ ತಡ, ತಲೆ ಮೇಲೆ ವಿಮಾನಗಳು. ಜನ ಬೀದಿಗಿಳಿದರು. 1995ರಲ್ಲಿ ಅಲ್ಲಿನ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಅದೇ ವರ್ಷ ರಾತ್ರಿ 11ರಿಂದ ಬೆಳಗ್ಗೆ 6ರ ವರೆಗಿನ ಹಾರಾಟದ ಮೇಲೆ ನಿರ್ಬಂಧ ಕಾನೂನಾಯಿತು. ಆಮೇಲೆ ಗಂಟೆಗೆ 80 ಹಾರಾಟಗಳ ಮಿತಿಯೂ ಬಂತು. ಶಬ್ದವನ್ನು ಜನರಿಗೆ ಅರ್ಥವಾಗುವ ಹಾಗೆ ಹೇಳಬೇಕು, ಎಷ್ಟು ವಿಮಾನ, ಯಾವ ಹೊತ್ತಿಗೆ ಅಂತ ಹೇಳಬೇಕು ಅನ್ನುವ ಒತ್ತಾಯ ಗಟ್ಟಿಯಾದದ್ದು ಅಲ್ಲಿಂದ.

ಗೆರೆ ಎಳೆಯುವ ಜಾಗವೂ ದೇವರು ಬರೆದದ್ದಲ್ಲ. ಅಮೆರಿಕದಲ್ಲಿ 65 ಡಿಎನ್‌ಎಲ್ ಗೆರೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಕೊಟ್ಟ ಸಲಹೆ 45 ಎಲ್‌ಡೆನ್, ರಾತ್ರಿಗೆ 40. ಎಷ್ಟು ಅಂತರ ನೋಡಿ. ಅಮೆರಿಕದ ವಿಮಾನಯಾನ ಇಲಾಖೆ ತಾನೇ 20 ವಿಮಾನ ನಿಲ್ದಾಣಗಳ ಸುತ್ತ 10,000ಕ್ಕೂ ಹೆಚ್ಚು ಜನರನ್ನು ಕೇಳಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಹಳೆಯ ಲೆಕ್ಕದ ಪ್ರಕಾರ 65ರ ಗೆರೆಯಲ್ಲಿ ತೀವ್ರ ಕಿರಿಕಿರಿ ಅನುಭವಿಸುವವರು 12% ಆಸುಪಾಸು. ಹೊಸ ಸಮೀಕ್ಷೆಯಲ್ಲಿ 60%ಕ್ಕಿಂತ ಜಾಸ್ತಿ.

ದೂರದ ಬೀದಿ

ಬೇಜಾರು ಮಾಡ್ಕೋಬೇಡಿ, ನೇರವಾಗಿ ಕೇಳುತ್ತೇನೆ. ವಿಮಾನ ನಿಲ್ದಾಣ ಮೊದಲು ಬಂತು, ನೀವು ಆಮೇಲೆ ಬಂದಿರಿ ಅಲ್ವಾ? ಗೊತ್ತಿದ್ದೇ ಮನೆ ತಗೊಂಡು ಈಗ ಸದ್ದು ಅಂದರೆ ಹೇಗೆ?

ಎರಡನೇ ಮಹಡಿ

ಕೇಳಿದ್ದು ಒಳ್ಳೆಯದಾಯಿತು. ನಾವು ಬಂದಾಗ ಒಂದೇ ರನ್‌ವೇ ಇತ್ತು. ರಾತ್ರಿ ಹತ್ತರ ನಂತರ ಒಂದೂ ವಿಮಾನ ಇರಲಿಲ್ಲ. ನಾವು ಒಪ್ಪಿಕೊಂಡು ಬಂದದ್ದು ಆ ನಿಲ್ದಾಣವನ್ನು. ಈಗ ಬರುತ್ತಿರುವುದು ಬೇರೆಯದು.

ಕಡತ

ಇದಕ್ಕೆ ನಾನೂ ಒಂದು ಸೇರಿಸುತ್ತೇನೆ. ಮನೆ ಇದ್ದಲ್ಲೇ ಇದ್ದು, ಹಾರುವ ದಾರಿಯೇ ಬಂದು ತಲೆ ಮೇಲೆ ಕೂರುವುದೂ ಉಂಟು. ಅಮೆರಿಕದ ಫೀನಿಕ್ಸ್‌ನಲ್ಲಿ 2014ರ ಸೆಪ್ಟೆಂಬರ್‌ನಲ್ಲಿ ಹೀಗಾಯಿತು. ಮೊದಲು ವಿಮಾನಗಳು ಅಲ್ಲಲ್ಲಿ ಹರಡಿಕೊಂಡು ಹಾರುತ್ತಿದ್ದವು. ಉಪಗ್ರಹದ ಸಹಾಯದ ಹೊಸ ಪದ್ಧತಿ ಬಂದ ಮೇಲೆ ಎಲ್ಲವೂ ಒಂದೇ ಸಣ್ಣ ಗೆರೆಯ ಮೇಲೆ ಹಾರತೊಡಗಿದವು. ಆ ಗೆರೆಯ ಕೆಳಗೆ ಹಳೆಯ ಕಾಲದ ಬಡಾವಣೆಗಳಿದ್ದವು. ಪರಿಸರದ ಮೇಲೆ ದೊಡ್ಡ ಪರಿಣಾಮ ಆಗದು ಅಂತ ಅಲ್ಲಿನ ವಿಮಾನಯಾನ ಇಲಾಖೆ ಪೂರ್ಣ ಅಧ್ಯಯನವನ್ನೇ ಮಾಡಿರಲಿಲ್ಲ. ನಗರಸಭೆಯವರೂ ಬಡಾವಣೆಗಳ ಜನರೂ ಕೋರ್ಟಿಗೆ ಹೋದರು. 2017ರ ಆಗಸ್ಟ್‌ನಲ್ಲಿ ಅವರ ಪರ ತೀರ್ಪು ಬಂತು.

ದೂರದ ಬೀದಿ

ಸರಿ, ಇದು ಗೊತ್ತಿರಲಿಲ್ಲ. ನಾಲ್ಕು ಕಿಲೋಮೀಟರ್ ಅವರದ್ದು, ಏಳು ಕಿಲೋಮೀಟರ್ ನಮ್ಮದು. ಹೊಸ ದಾರಿಯ ನಕ್ಷೆ ನಾನೂ ತೆಗೆದು ನೋಡುತ್ತೇನೆ.

ರ‍್ಯಾಂಪ್ ಕೆಲಸ

ನಾನು ಒಂದು ವಿಮಾನ ನಿಲ್ದಾಣದ ಒಳಗೆ ದುಡಿಯುವವನು. ಸಾಮಾನು ಏರಿಸುವುದು, ಇಳಿಸುವುದು, ವಿಮಾನ ನಿಂತಾಗ ಚಕ್ರಕ್ಕೆ ಅಡ್ಡ ಕೊಡುವುದು. ವಿಸ್ತರಣೆ ಆದರೆ ನನ್ನ ಥರದವರಿಗೆ ಕೆಲಸ ಸಿಗುತ್ತದೆ. ನನ್ನ ಮನೆ ನಡೆಯುವುದು ಇದರಿಂದ. ಹಾಗಾಗಿ ರನ್‌ವೇ ಬೇಡವೇ ಬೇಡ ಅಂತ ನಾನು ಹೇಳಲಾರೆ. ಆದರೆ ಅಕ್ಕನ ಮಗಳು ಕಿವಿ ಮುಚ್ಚಿಕೊಳ್ಳುವುದನ್ನು ಓದಿ ಒಂದು ವಿಷಯ ಹೇಳಬೇಕು ಅನಿಸಿತು.

ಎಲ್ಲರೂ ಮೇಲೆ ಹಾರುವುದನ್ನೇ ನೋಡುತ್ತಾರೆ. ನೆಲದ ಮೇಲೂ ಸದ್ದಿದೆ, ಹೊಗೆಯಿದೆ. ವಿಮಾನ ನಿಂತ ಮೇಲೂ ಅದಕ್ಕೆ ಕರೆಂಟು ಬೇಕು, ಒಳಗೆ ತಂಪು ಬೇಕು. ಅದಕ್ಕೆ ಬಾಲದ ಹತ್ತಿರ ಒಂದು ಸಣ್ಣ ಎಂಜಿನ್ ಇರುತ್ತದೆ, ಎಪಿಯು ಅನ್ನುತ್ತೇವೆ. ಅದೂ ವಿಮಾನದ ಇಂಧನವನ್ನೇ ಸುಡುತ್ತದೆ. ನಿಲ್ಲುವ ಜಾಗದಲ್ಲೇ ಕರೆಂಟಿನ ಕೇಬಲ್ಲು, ತಂಪು ಗಾಳಿಯ ಪೈಪು ಕೊಟ್ಟರೆ ಅದನ್ನು ಆರಿಸಬಹುದು. ನಾನು ಹಿಂದೆ ಇದ್ದ ಒಂದು ಕಡೆ ಕೇಬಲ್ ಇತ್ತು, ಅದರ ತುದಿಯ ಪ್ಲಗ್ಗು ಸುಟ್ಟುಹೋಗಿತ್ತು. ತಿಂಗಳುಗಟ್ಟಲೆ ಯಾರೂ ಬದಲಿಸಲಿಲ್ಲ. ಪ್ರತಿ ವಿಮಾನವೂ ಪೂರ್ತಿ ಹೊತ್ತು ಎಪಿಯು ಓಡಿಸಿಕೊಂಡೇ ನಿಲ್ಲುತ್ತಿತ್ತು. ಕಾಗದದಲ್ಲಿ ಮಾತ್ರ ಆ ಜಾಗಕ್ಕೆ ಕರೆಂಟಿನ ಸೌಲಭ್ಯ ಇದೆ ಅಂತಲೇ ಇತ್ತು.

ಆದ್ದರಿಂದ ಸೌಲಭ್ಯ ಇದೆಯಾ ಅಂತ ಕೇಳಬೇಡಿ. ವಿಮಾನ ನಿಂತ ಎಷ್ಟು ನಿಮಿಷದೊಳಗೆ ಎಪಿಯು ಆರಿಸಬೇಕು, ಅದನ್ನು ಯಾರು ಬರೆದಿಡುತ್ತಾರೆ, ಕೇಬಲ್ ಕೆಟ್ಟರೆ ಎಷ್ಟು ದಿನದಲ್ಲಿ ಸರಿ ಮಾಡುತ್ತಾರೆ ಅಂತ ಕೇಳಿ.

ಎರಡನೇ ಮಹಡಿ

ತಮ್ಮಾ, ನಿಮ್ಮ ಕೆಲಸಕ್ಕೆ ನಾನು ವಿರೋಧಿ ಅಲ್ಲ. ಈ ಪ್ರಶ್ನೆ ಹೊರಗಿನವರಿಗೆ ಹೊಳೆಯುವುದೇ ಇಲ್ಲ. ಬರೆದುಕೊಂಡೆ.

ಐದನೇ ತರಗತಿ ಟೀಚರ್

ನಾನು ಪಾಠ ಮಾಡುವ ಶಾಲೆ ವಿಮಾನ ಇಳಿಯುವ ದಾರಿಯ ಕೆಳಗಿದೆ. ಭಿನ್ನರಾಶಿ ಹೇಳಿಕೊಡುತ್ತಿರುತ್ತೇನೆ. ಸದ್ದು ಹತ್ತಿರ ಬರುತ್ತದೆ. ನಿಲ್ಲಿಸುತ್ತೇನೆ. ಬೋರ್ಡಿನ ಮೇಲೆ ಚಾಕ್ ಹಾಗೇ ಇಟ್ಟುಕೊಂಡು ಕಾಯುತ್ತೇನೆ. ಮಕ್ಕಳೂ ಬಾಯಿ ಮುಚ್ಚಿ ಮೇಲೆ ನೋಡುತ್ತಾರೆ. ಹೋದ ಮೇಲೆ ಎಲ್ಲಿ ನಿಲ್ಲಿಸಿದ್ದೆ ಅಂತ ಕೇಳಿದರೆ ಮುಂದಿನ ಬೆಂಚಿನವರು ಮಾತ್ರ ಹೇಳುತ್ತಾರೆ. ಹಿಂದಿನವರು ಅಷ್ಟರಲ್ಲಿ ಕಳೆದುಹೋಗಿರುತ್ತಾರೆ. ಒಂದು ಪೀರಿಯಡ್‌ನಲ್ಲಿ ಇದು ಎಷ್ಟು ಸಲ ಆಗುತ್ತದೆ ಅಂತ ಒಂದು ದಿನ ಬೋರ್ಡಿನ ಮೂಲೆಯಲ್ಲಿ ಗೀಟು ಹಾಕಿದೆ. ಹನ್ನೊಂದು.

ಇದು ನನ್ನೊಬ್ಬಳ ಗೊಣಗಾಟ ಅಂತ ಯಾರೂ ಅಂದುಕೊಳ್ಳದಿರಲಿ ಅಂತ ಒಂದಷ್ಟು ಓದಿದ್ದೇನೆ. ಮ್ಯೂನಿಕ್‌ನಲ್ಲಿ 1992ರಲ್ಲಿ ಹಳೆಯ ವಿಮಾನ ನಿಲ್ದಾಣ ಮುಚ್ಚಿ ಹೊಸದು ತೆರೆದರು. ಸಂಶೋಧಕರು ಅದಕ್ಕೂ ಮೊದಲೇ ಎರಡೂ ಕಡೆಯ ಮಕ್ಕಳನ್ನು ಪರೀಕ್ಷಿಸಿದ್ದರು, ಆಮೇಲೂ ಪರೀಕ್ಷಿಸಿದರು. ಹೊಸ ನಿಲ್ದಾಣದ ಹತ್ತಿರದ ಮಕ್ಕಳ ಓದು ಮತ್ತು ನೆನಪು ಕುಗ್ಗಿತು. ಹಳೆಯದರ ಹತ್ತಿರದ ಮಕ್ಕಳದ್ದು ಸುಧಾರಿಸಿತು. ನನಗೆ ಸಮಾಧಾನ ಕೊಟ್ಟದ್ದು ಈ ಎರಡನೆಯದು. ಸದ್ದು ನಿಂತರೆ ಮಕ್ಕಳು ಚೇತರಿಸಿಕೊಳ್ಳುತ್ತಾರೆ.

2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಲಂಡನ್ನಿನ ಹೀಥ್ರೂ, ಆಮ್‌ಸ್ಟರ್‌ಡ್ಯಾಮಿನ ಸ್ಖಿಪೋಲ್, ಮ್ಯಾಡ್ರಿಡ್ ನಿಲ್ದಾಣಗಳ ಸುತ್ತ ಸುಮಾರು 2,800 ಮಕ್ಕಳನ್ನು ನೋಡಿತು. ಎಲ್ಲರೂ 9–10 ವರ್ಷದವರು, ನನ್ನ ತರಗತಿಯ ವಯಸ್ಸು. ಶಾಲೆಯಲ್ಲಿ ವಿಮಾನದ ಸದ್ದು 5 ಡೆಸಿಬಲ್ ಜಾಸ್ತಿ ಇದ್ದರೆ ಓದುವ ಸಾಮರ್ಥ್ಯ ಬ್ರಿಟನ್‌ನಲ್ಲಿ ಎರಡು ತಿಂಗಳವರೆಗೆ, ನೆದರ್ಲೆಂಡ್ಸ್‌ನಲ್ಲಿ ಒಂದು ತಿಂಗಳವರೆಗೆ ಹಿಂದೆ ಬೀಳುತ್ತಿತ್ತು.

ನಿಮ್ಮ ವರದಿಯಲ್ಲಿ ಶಾಲೆಗಳ ಪಟ್ಟಿ ಇದೆಯಾ? ಇದ್ದರೆ ಪಾಠದ ಹೊತ್ತಿನ ಲೆಕ್ಕ ಬೇರೆ ಕೊಟ್ಟಿದ್ದಾರಾ? ಮಧ್ಯರಾತ್ರಿ ಶಾಲೆ ಖಾಲಿ ಇರುತ್ತದೆ. ಆ ಹೊತ್ತನ್ನೂ ಸೇರಿಸಿ ತೆಗೆದ ಸರಾಸರಿ ನನ್ನ ತರಗತಿಯ ಬಗ್ಗೆ ಏನೂ ಹೇಳುವುದಿಲ್ಲ.

ಎರಡನೇ ಮಹಡಿ

ಶಾಲೆಗಳ ಪಟ್ಟಿ ಇದೆ ಟೀಚರ್. ಹೆಸರು ಮತ್ತು ದೂರ, ಅಷ್ಟೇ. ಪಾಠದ ಹೊತ್ತಿನ ಅಂಕಿ ಇಲ್ಲ.

ಕಡತ

ಇಂಥ ಅಧ್ಯಯನಗಳ ಕಾನೂನು ಭಾಗದಲ್ಲಿ ಸ್ವಲ್ಪ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಪರಿಸರ ಅಧ್ಯಯನ ಅಂದ ಕೂಡಲೇ ಅದು ಯೋಜನೆ ಬೇಕೋ ಬೇಡವೋ ಅಂತ ತೀರ್ಮಾನಿಸುತ್ತದೆ ಅಂತ ಜನ ತಿಳಿದಿದ್ದಾರೆ. ಹೆಚ್ಚಿನ ಕಡೆ ಹಾಗಿಲ್ಲ. ಅಮೆರಿಕದ ಕಾಯ್ದೆ 1970ರ ಜನವರಿ 1ರಂದು ಜಾರಿಗೆ ಬಂತು. ಬೇರೆ ಬಹಳಷ್ಟು ದೇಶಗಳ ಕಾಯ್ದೆಗಳು ಅದನ್ನು ನೋಡಿಯೇ ಹುಟ್ಟಿದವು. ಅದು ಹೇಳುವುದು ಇಷ್ಟೇ: ತೀರ್ಮಾನ ಮಾಡುವ ಮೊದಲು ಪರಿಣಾಮಗಳನ್ನು ಕಣ್ಣುಬಿಟ್ಟು ನೋಡು, ಬೇರೆ ದಾರಿಗಳನ್ನು ಪರಿಶೀಲಿಸು, ಜನರ ಮಾತು ಕೇಳು. ನೋಡಿದ ಮೇಲೂ ಮಾಡುತ್ತೇನೆ ಅಂದರೆ ಆ ಕಾಯ್ದೆ ತಡೆಯುವುದಿಲ್ಲ. ಹಾಗಾಗಿ 'ನಮಗೆ ಇದು ಬೇಡ' ಅಂತ ಸಾವಿರ ಜನ ಬರೆದ ಪತ್ರಕ್ಕಿಂತ, 'ಇಂಥ ಪುಟದಲ್ಲಿ ಇಂಥದ್ದನ್ನು ನೋಡಿಯೇ ಇಲ್ಲ' ಅಂತ ಬರೆದ ಒಂದು ಪತ್ರಕ್ಕೆ ತೂಕ ಜಾಸ್ತಿ. ಕೇಳಲು ಕಹಿ, ಆದರೆ ಹಾಗೆಯೇ ಇದೆ.

ಗೋವಾದ ಮೋಪಾ ನಿಲ್ದಾಣದ ಪ್ರಕರಣ ಓದಿ. ಅರ್ಜಿಯ ನಮೂನೆಯಲ್ಲಿ ಸುತ್ತ 15 ಕಿಲೋಮೀಟರ್‌ನೊಳಗಿನ ಕಾಡು, ಸೂಕ್ಷ್ಮ ಪ್ರದೇಶಗಳ ಮಾಹಿತಿ ಕೊಡಬೇಕಿತ್ತು. ಅದನ್ನು ಸರಿಯಾಗಿ ಕೊಟ್ಟಿರಲಿಲ್ಲ. 2019ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್ ಪರಿಸರ ಅನುಮತಿಯನ್ನು ಅಮಾನತಿನಲ್ಲಿಟ್ಟು ಮತ್ತೆ ಪರಿಶೀಲಿಸಿ ಅಂದಿತು. ಪರಿಶೀಲನೆ ಆಗಿ ಇನ್ನಷ್ಟು ಷರತ್ತು ಸೇರಿದ ಮೇಲೆ 2020ರ ಜನವರಿಯಲ್ಲಿ ಕೋರ್ಟೇ ಅಮಾನತು ತೆಗೆಯಿತು. ನಿಲ್ದಾಣ ಬಂತು. ಹೀಥ್ರೂ ಮೂರನೇ ರನ್‌ವೇ ವಿಷಯದಲ್ಲೂ ಹೀಗೇ. ಹವಾಮಾನ ಬದಲಾವಣೆ ಕುರಿತ ಪ್ಯಾರಿಸ್ ಒಪ್ಪಂದವನ್ನು ಪರಿಗಣಿಸಿಲ್ಲ ಅಂತ 2020ರ ಫೆಬ್ರವರಿಯಲ್ಲಿ ಒಂದು ಕೋರ್ಟ್ ಸರ್ಕಾರದ ನೀತಿಯನ್ನು ತಪ್ಪು ಅಂದಿತು. ಡಿಸೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ವಿಯೆನ್ನಾದ ಮೂರನೇ ರನ್‌ವೇಗೆ 2017ರಲ್ಲಿ ಹವಾಮಾನದ ಕಾರಣಕ್ಕೆ ಅನುಮತಿ ನಿರಾಕರಣೆ ಆಗಿ, ಕೆಲವೇ ತಿಂಗಳಲ್ಲಿ ಮೇಲಿನ ಕೋರ್ಟಿನಲ್ಲಿ ಆ ತೀರ್ಪೇ ಬಿದ್ದುಹೋಯಿತು.

ಇದನ್ನು ಹೇಳುವುದು ಕೈಚೆಲ್ಲಲಿ ಅಂತಲ್ಲ. ಕೋರ್ಟು ಕೊನೆಗೆ ನೋಡಿಕೊಳ್ಳುತ್ತದೆ ಅಂತ ಕಾಯಬೇಡಿ ಅನ್ನಲು. ನಿಮ್ಮ ಬಲ ಇರುವುದು ಈಗ, ಕರಡು ಇನ್ನೂ ಕರಡಾಗಿರುವಾಗ. ನಿಜ ಹೇಳಬೇಕೆಂದರೆ ಅದಕ್ಕೂ ಮೊದಲು ಇತ್ತು. ಅಧ್ಯಯನದಲ್ಲಿ ಏನೇನು ನೋಡಬೇಕು ಅಂತ ವ್ಯಾಪ್ತಿ ಗೊತ್ತುಮಾಡುವ ಒಂದು ಹಂತ ಇರುತ್ತದೆ. ಅಲ್ಲಿ ಯಾರೂ ಹೋಗುವುದಿಲ್ಲ, ಯಾಕಂದರೆ ಆಗ ಕೈಯಲ್ಲಿ ವರದಿಯೇ ಇರುವುದಿಲ್ಲ. ಪಾಠದ ಹೊತ್ತಿನ ಅಂಕಿ ಬೇಕು ಅಂತ ಆ ದಿನ ಒಬ್ಬರು ಎದ್ದು ಹೇಳಿದ್ದರೆ ಇವತ್ತು ಆ ಪಟ್ಟಿಯಲ್ಲಿ ಇನ್ನೊಂದು ಕಾಲಂ ಇರುತ್ತಿತ್ತು.

ಈಗ ಮೇಡಂ, ವರದಿಯಲ್ಲಿ ಎರಡು ಜಾಗ ನೋಡಿ. ಒಂದು, ಯಾವುದಕ್ಕೆ ಹೋಲಿಸಿದ್ದಾರೆ? ರನ್‌ವೇ ಬಂದ ಮೇಲಿನ ಸ್ಥಿತಿಯನ್ನು ಇವತ್ತಿನ ಸ್ಥಿತಿಗೆ ಹೋಲಿಸಿದ್ದಾರಾ, ಅಥವಾ ರನ್‌ವೇ ಇಲ್ಲದೆಯೂ ಹೇಗಿದ್ದರೂ ವಿಮಾನಗಳು ಜಾಸ್ತಿ ಆಗಿಬಿಡುವ ಒಂದು ಕಲ್ಪನೆಗೆ ಹೋಲಿಸಿದ್ದಾರಾ? ಎರಡನೆಯದಾದರೆ ಪರಿಣಾಮ ತಾನಾಗಿ ಸಣ್ಣದಾಗಿ ಕಾಣುತ್ತದೆ. ಇನ್ನೊಂದು, ಯೋಜನೆಯನ್ನು ತುಂಡು ಮಾಡಿದ್ದಾರಾ? ರನ್‌ವೇ ಒಂದು ವರದಿ, ಸರಕು ಟರ್ಮಿನಲ್ ಇನ್ನೊಂದು, ರಸ್ತೆ ಮತ್ತೊಂದು. ಒಂದೊಂದೂ ಸಣ್ಣದು, ಒಟ್ಟು ಸೇರಿಸಿದರೆ ದೊಡ್ಡದು.

ಎರಡನೇ ಮಹಡಿ

ನನ್ನ ಕೆಲಸವೇ ಲೆಕ್ಕ. ಇದು ಅರ್ಥವಾಯಿತು. ವರ್ಷದ ಆರಂಭದ ಸಾಲವನ್ನೇ ಜಾಸ್ತಿ ತೋರಿಸಿದರೆ ಆ ವರ್ಷ ಏರಿದ ಸಾಲ ಕಡಿಮೆ ಕಾಣುತ್ತದೆ, ಹಾಗೆ.

ನೋಡಿದೆ. ಹೋಲಿಕೆ ಇವತ್ತಿಗೆ ಅಲ್ಲ, ರನ್‌ವೇ ಇಲ್ಲದ ಮುಂದಿನ ಒಂದು ವರ್ಷಕ್ಕೆ. ಸರಕು ಟರ್ಮಿನಲ್ 'ಪ್ರತ್ಯೇಕ ಪ್ರಸ್ತಾವ' ಅಂತ ಒಂದು ಸಾಲಿನಲ್ಲಿ ಮುಗಿದಿದೆ. ನಮ್ಮ 2:40 ಬರುವುದೇ ಸರಕು ಹೊತ್ತುಕೊಂಡು!

ಬಾವಿಕಟ್ಟೆ

ಶಬ್ದದ ಮಾತೇ ಆಗುತ್ತಿದೆ. ನೀರನ್ನು ಮರೆಯಬೇಡಿ. ನಿಲ್ದಾಣದ ಅಗ್ನಿಶಾಮಕ ದಳದವರು ಅಭ್ಯಾಸ ಮಾಡುವ ಜಾಗ ಒಂದಿರುತ್ತದೆ. ಇಂಧನದ ಬೆಂಕಿ ಆರಿಸುವ ನೊರೆಯಲ್ಲಿ ದಶಕಗಳ ಕಾಲ ಪಿಎಫ್‌ಎಎಸ್ ಅನ್ನುವ ರಾಸಾಯನಿಕಗಳಿದ್ದವು. ಅವು ಮಣ್ಣಿನಲ್ಲಿ ಕೊಳೆಯುವುದಿಲ್ಲ, ನೀರಿನ ಜೊತೆ ಇಳಿದು ಅಂತರ್ಜಲ ಸೇರುತ್ತವೆ. ಹಲವು ದೇಶಗಳಲ್ಲಿ ನಿಲ್ದಾಣಗಳ ಪಕ್ಕದ ಬಾವಿಗಳಲ್ಲಿ ಸಿಕ್ಕಿವೆ. ಹೊಸ ರನ್‌ವೇಗೆ ನೆಲ ಅಗೆಯುವಾಗ ಆ ಹಳೆಯ ಮಣ್ಣನ್ನು ಎಲ್ಲಿ ಸುರಿಯುತ್ತಾರೆ? ಅದನ್ನು ಕೇಳಿ.

ಕಾಂಕ್ರೀಟ್ ಹಾಕಿದ ನೆಲ ಮಳೆ ಕುಡಿಯುವುದಿಲ್ಲ. ಇಷ್ಟು ದಿನ ಗದ್ದೆಯಲ್ಲೋ ಜೌಗಿನಲ್ಲೋ ನಿಂತು ಇಂಗುತ್ತಿದ್ದ ನೀರು ಒಂದೇ ಸಲಕ್ಕೆ ಚರಂಡಿಗೆ ಬರುತ್ತದೆ. ಚಳಿ ದೇಶಗಳಲ್ಲಾದರೆ ರೆಕ್ಕೆಯ ಮೇಲಿನ ಮಂಜು ಕರಗಿಸುವ ದ್ರಾವಣ ಹಳ್ಳಕ್ಕೆ ಇಳಿದು ನೀರಿನ ಆಮ್ಲಜನಕ ಹೀರಿಬಿಡುತ್ತದೆ, ಮೀನು ಸಾಯುತ್ತವೆ. ತಗ್ಗಿನಲ್ಲಿ ಇರುವವರನ್ನು ಕರೆದುಕೊಂಡು ಹೋಗಿ ಸಭೆಗೆ. ಸಾಮಾನ್ಯವಾಗಿ ಅವರು ಬಡವರು, ಯಾರೂ ಅವರಿಗೆ ಹೇಳಿಯೂ ಇರುವುದಿಲ್ಲ.

ದೂರದ ಬೀದಿ

ತಾರಸಿ ಮೇಲೆ ಕಪ್ಪು ಪುಡಿ ಕೂರುತ್ತದಲ್ಲ, ಅದು ವಿಮಾನದ್ದೇ ಅಲ್ವಾ? ಅದನ್ನೂ ಬರೆಯಬಹುದಾ?

ಶಬ್ದಮಾಪಕ

ಹುಷಾರು. ರಸ್ತೆಯ ಧೂಳು, ಟೈರು, ಡೀಸೆಲ್ ಹೊಗೆ ಎಲ್ಲವೂ ಕಪ್ಪಗೇ ಇರುತ್ತವೆ. ಕಣ್ಣಿಗೆ ನೋಡಿ ಹೇಳಲು ಬರುವುದಿಲ್ಲ. ಪರೀಕ್ಷೆ ಮಾಡಿಸದೆ ಬರೆದರೆ ಅದೊಂದನ್ನೇ ಹಿಡಿದುಕೊಂಡು ನಿಮ್ಮ ಉಳಿದ ಮಾತನ್ನೂ ತಳ್ಳಿಹಾಕುತ್ತಾರೆ.

ವಿಮಾನದ ಹೊಗೆಯಲ್ಲಿ ನಿಜವಾಗಿ ನೋಡಬೇಕಾದದ್ದು ಕಣ್ಣಿಗೆ ಕಾಣುವುದೇ ಇಲ್ಲ. 100 ನ್ಯಾನೋಮೀಟರಿಗಿಂತ ಸಣ್ಣ ಕಣಗಳು. ವಾಯು ಮಾಲಿನ್ಯವನ್ನು ಸಾಮಾನ್ಯವಾಗಿ ಅಳೆಯುವುದು ಕಣಗಳ ತೂಕದಿಂದ. ಇವಕ್ಕೆ ತೂಕವೇ ಇಲ್ಲ ಅನ್ನುವಷ್ಟು ಕಡಿಮೆ, ಸಂಖ್ಯೆ ಮಾತ್ರ ವಿಪರೀತ. ಹಾಗಾಗಿ ಸಣ್ಣ ಕಣಗಳ ತೂಕ ಹೇಳುವ ಪಿಎಂ2.5 ಅಂಕಿ ಚೆನ್ನಾಗಿದ್ದರೂ ಇವು ತುಂಬಿರಬಹುದು. 2014ರಲ್ಲಿ ಲಾಸ್ ಏಂಜಲೀಸ್ ನಿಲ್ದಾಣದ ಗಾಳಿಯ ದಿಕ್ಕಿನಲ್ಲಿ ಅಳತೆ ಮಾಡಿದವರಿಗೆ 16 ಕಿಲೋಮೀಟರ್ ದೂರದವರೆಗೂ ಇವು ಹೆಚ್ಚಾಗಿ ಸಿಕ್ಕವು. ಕಣಗಳ ಸಂಖ್ಯೆಯನ್ನೂ ಅಳೆಯಿರಿ ಅಂತ ಬರೆಯಿರಿ. ಅದು ಗಟ್ಟಿ ಪ್ರಶ್ನೆ.

ರಾತ್ರಿ ಪಾಳಿ

ನಾನು ನರ್ಸ್. ತಡವಾಗಿ ನೋಡುತ್ತಿದ್ದೇನೆ. ಅಕ್ಕಾ, ನಿಮ್ಮ ಮಗಳಿಗೆ ಎಚ್ಚರ ಆಗುವುದಿಲ್ಲ ಅಂದಿರಲ್ಲ, ಆ ಮಾತು ಹಿಡಿದುಕೊಂಡೆ. ಯುರೋಪಿನ ಕೆಲವು ವಿಮಾನ ನಿಲ್ದಾಣಗಳ ಸುತ್ತ 140 ಜನರಿಗೆ ರಾತ್ರಿಯಿಡೀ ಬಿಪಿ ಪಟ್ಟಿ ಕಟ್ಟಿ, ಪಕ್ಕದಲ್ಲಿ ಸದ್ದನ್ನೂ ದಾಖಲಿಸಿದ್ದರು. 2008ರಲ್ಲಿ ಪ್ರಕಟವಾಯಿತು. ವಿಮಾನ ಹೋದಾಗ ಮೇಲಿನ ಬಿಪಿ ಸರಾಸರಿ 6 ಅಂಕದಷ್ಟು ಏರುತ್ತಿತ್ತು. ಮಲಗಿದ್ದವರಿಗೆ ಎಚ್ಚರ ಆಗದಿದ್ದಾಗಲೂ. ಅದೇ ಯೋಜನೆಯಲ್ಲಿ 45ರಿಂದ 70 ವರ್ಷದ ಸುಮಾರು 4,900 ಜನರನ್ನು ನೋಡಿದಾಗ, ರಾತ್ರಿಯ ವಿಮಾನದ ಸದ್ದು 10 ಡೆಸಿಬಲ್ ಜಾಸ್ತಿ ಇದ್ದಲ್ಲಿ ಬಿಪಿ ಕಾಯಿಲೆಯ ಸಾಧ್ಯತೆ ಸುಮಾರು 14% ಹೆಚ್ಚು ಕಂಡಿತು.

ಕಿಟಕಿಗೆ ಎರಡು ಪದರದ ಗಾಜು ಹಾಕಿಸಿಕೊಡುತ್ತೇವೆ ಅಂತ ಬರೆದಿದ್ದರೆ ಅದನ್ನೂ ಕೇಳಿ. ಗಾಜು ಕೆಲಸ ಮಾಡುವುದು ಕಿಟಕಿ ಮುಚ್ಚಿದ್ದಾಗ ಮಾತ್ರ. ಸೆಕೆಯಲ್ಲಿ ಕಿಟಕಿ ಮುಚ್ಚಿ ಯಾರು ಮಲಗುತ್ತಾರೆ?

ಕಡತ

ರಾತ್ರಿಯ ವಿಷಯದಲ್ಲಿ ಫ್ರಾಂಕ್‌ಫರ್ಟ್ ನೆನಪಿಟ್ಟುಕೊಳ್ಳಿ. 2011ರಲ್ಲಿ ಅಲ್ಲಿ ಹೊಸ ರನ್‌ವೇ ತೆರೆಯಿತು. ಅದೇ ತಿಂಗಳು ಕೋರ್ಟ್ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ನಿಗದಿತ ಹಾರಾಟ ನಿಲ್ಲಿಸಿತು. 2012ರಲ್ಲಿ ಮೇಲಿನ ಕೋರ್ಟ್ ಅದನ್ನು ಎತ್ತಿಹಿಡಿಯಿತು. ರನ್‌ವೇಯೂ ಇದೆ, ನಿದ್ದೆಯ ರಾತ್ರಿಯೂ ಇದೆ. ರ‍್ಯಾಂಪ್ ಕೆಲಸದ ಸಹೋದರರ ಚಿಂತೆಗೂ ಇದು ಉತ್ತರ ಅಂತ ನನಗನಿಸುತ್ತದೆ.

ಇನ್ನೊಂದು. 2024ರ ಮಾರ್ಚ್‌ನಲ್ಲಿ ಹೇಗ್‌ನ ಕೋರ್ಟ್, ಸ್ಖಿಪೋಲ್ ಸುತ್ತಲಿನ ಜನರ ಹಿತವನ್ನು ಡಚ್ ಸರ್ಕಾರ ವರ್ಷಗಳ ಕಾಲ ಸರಿಯಾಗಿ ತೂಗಿಲ್ಲ ಅಂತ ತೀರ್ಪು ಕೊಟ್ಟಿತು. ರಾತ್ರಿ ನಿದ್ದೆ ಕೆಡುವ ವಿಷಯವೂ ಅದರಲ್ಲಿ ಇತ್ತು.

ಎರಡನೇ ಮಹಡಿ

ಎಲ್ಲರಿಗೂ. ಅಹವಾಲು ಸಭೆ ಮುಗಿಸಿಕೊಂಡು ಈಗಷ್ಟೇ ಮನೆಗೆ ಬಂದೆ.

ಒಬ್ಬೊಬ್ಬರಿಗೆ ಮೂರು ನಿಮಿಷ ಕೊಟ್ಟಿದ್ದರು. ನೀವೆಲ್ಲ ಹೇಳಿದ್ದನ್ನು ಪುಟದ ಸಂಖ್ಯೆ ಸಮೇತ ಬರೆದು ಮೊದಲೇ ಸಲ್ಲಿಸಿದ್ದೆ. ಎಣಿಕೆಯ ನಕ್ಷೆ, ಪಾಠದ ಹೊತ್ತು, ಹೋಲಿಕೆಯ ವರ್ಷ, ಸರಕು ಟರ್ಮಿನಲ್, ಎಪಿಯು ನಿಮಿಷಗಳು, ಅಭ್ಯಾಸದ ಜಾಗದ ಮಣ್ಣು, ಸಣ್ಣ ಕಣಗಳು. ಕಪ್ಪು ಪುಡಿ ಬಿಟ್ಟೆ. ಹಾಗಾಗಿ ಮೂರು ನಿಮಿಷದಲ್ಲಿ ವಾದ ಮಾಡಲಿಲ್ಲ. ಎರಡು ವಾರದಿಂದ ಬರೆದಿಟ್ಟ ನೋಟ್‌ಬುಕ್ ತೆಗೆದು ಓದಿದೆ. ಸೋಮವಾರ 11:50, 1:15, 2:40, 4:20. ಮಂಗಳವಾರ 11:45, 2:40, 3:05. ಹೀಗೆ ಬರೀ ಹೊತ್ತು. ಮೊದಲು ಗುಸುಗುಸು ಇತ್ತು. ಎರಡನೇ ವಾರಕ್ಕೆ ಬರುವ ಹೊತ್ತಿಗೆ ಹಿಂದಿನ ಸಾಲಿನಿಂದ ಯಾರೋ ನನ್ನ ಜೊತೆಗೇ '2:40' ಅಂದರು. ಆಮೇಲೆ ಇನ್ನೂ ಕೆಲವರು. ನಮ್ಮ ಬೀದಿಯವರಲ್ಲ, ನನಗೆ ಗೊತ್ತೇ ಇಲ್ಲದವರು.

ಸಮಿತಿಯಲ್ಲಿ ಕೂತಿದ್ದವರೊಬ್ಬರು ನೋಟ್‌ಬುಕ್‌ನ ಪ್ರತಿ ಕೇಳಿ ಪಡೆದರು. ಎಣಿಕೆಯ ನಕ್ಷೆ ಸೇರಿಸಲು ವರದಿ ಬರೆದವರಿಗೆ ಹೇಳುತ್ತೇವೆ ಅಂದರು. ಬರೆದು ಕೊಡಿ ಅಂದೆ. ಸಭೆಯ ನಡಾವಳಿಯಲ್ಲಿ ಸೇರಿಸಿದ್ದಾರೆ, ಓದಿಯೇ ಸಹಿ ಹಾಕಿದೆ. ಉಳಿದವಕ್ಕೆ ಇನ್ನೂ ಉತ್ತರ ಇಲ್ಲ.

ಕಡತ

ನಡಾವಳಿಯ ಪ್ರತಿ ಜೋಪಾನ. ಪರಿಷ್ಕೃತ ವರದಿ ಬಂದ ದಿನವೇ ಅದನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು.

ಐದನೇ ತರಗತಿ ಟೀಚರ್

ನಮ್ಮ ಶಾಲೆಯ ತಾರಸಿ ಮೇಲೆ ಒಂದು ವಾರ ಮೀಟರ್ ಇಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಶಬ್ದಮಾಪಕ ಸರ್, ಎಲ್ಲಿ ಇಡಬೇಕು ಅಂತ ಹೇಳುತ್ತೀರಾ?

ಶಬ್ದಮಾಪಕ

ಗೋಡೆಯಿಂದ ದೂರ, ನೀರಿನ ಪಂಪಿನಿಂದ ಇನ್ನೂ ದೂರ. ಮೈಕಿಗೆ ಗಾಳಿ ತಡೆಯುವ ಸ್ಪಂಜು ಇರಲಿ. ಇಡುವ ಮೊದಲೂ ತೆಗೆಯುವಾಗಲೂ ಅಳತೆ ಸರಿ ಇದೆಯಾ ಅಂತ ಪರೀಕ್ಷಿಸಿ, ಅದನ್ನೂ ಬರೆದಿಡಿ. ಮೀಟರ್ ನಾನು ತರುತ್ತೇನೆ. ತಾರಸಿಗೆ ಮೆಟ್ಟಿಲಿದೆಯಾ?

ಐದನೇ ತರಗತಿ ಟೀಚರ್

ಇಲ್ಲ ಸರ್.

ರ‍್ಯಾಂಪ್ ಕೆಲಸ

ಏಣಿ ನನ್ನ ಹತ್ತಿರ ಇದೆ. ಶನಿವಾರ ನನಗೆ ರಜೆ, ಬೆಳಗ್ಗೆಯೇ ತರುತ್ತೇನೆ.